ಮೂರನೇ ನೀರು

ಮುದ್ದೆಕೋಲು ಅರ್ಧ ಸುತ್ತಿನಲ್ಲೇ ನಿಂತಿತು. ಬೃಂದಾ ನಿಲ್ಲಿಸಿದ್ದಲ್ಲ, ತೋಳು ತಾನಾಗಿ ನಿಂತದ್ದು. ಪಾತ್ರೆಯನ್ನು ಒಲೆಯಿಂದ ಇಳಿಸಿ ನೆಲದ ಮೇಲಿಟ್ಟು, ಮಸಿಬಟ್ಟೆ ಸುತ್ತಿ ಎರಡು ಪಾದಗಳ ನಡುವೆ ಬಿಗಿಹಿಡಿದು, ಬೆಂದ ರಾಗಿಹಿಟ್ಟನ್ನು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವುವ ಕೆಲಸ ಅದು. ಮದುವೆಯಾದಾಗಿನಿಂದ ಹದಿನೇಳು ವರ್ಷ ಮಾಡಿಕೊಂಡು ಬಂದದ್ದು. ಈ ಜನವರಿಯಿಂದೀಚೆಗೆ ಮಾತ್ರ ಒಂದೇ ಸಲಕ್ಕೆ ಆಗುತ್ತಿರಲಿಲ್ಲ. ಒಮ್ಮೆ ತಿರುವಿ ಗೋಡೆಗೆ ಒರಗಿ, ಮತ್ತೊಮ್ಮೆ ತಿರುವಿ ಮತ್ತೆ ಒರಗಿ, ಮೂರನೆಯ ಸಲಕ್ಕೆ ಮುಗಿಸುತ್ತಿದ್ದಳು.

"ಯಾಕೆ ನಿಲ್ಸ್‌ಬುಟ್ಟೆ? ಗಂಟಾಯ್ತದೆ ಕಣವ್ವ," ಎಂದರು ಹಾಲಿನಿಂದ ಅತ್ತೆ ಬೋರಮ್ಮ. ಟೀವಿ ಎಷ್ಟೇ ಜೋರಾಗಿದ್ದರೂ ಕೋಲಿನ ಸದ್ದು ನಿಂತದ್ದು ಅವರಿಗೆ ಕೇಳುತ್ತಿತ್ತು.

"ಫೋನ್ ಬಂತು ಅತ್ತೆ."

"ಸದ್ದೇ ಆಗ್ನಿಲ್ವಲ್ಲ."

"ಸೈಲೆಂಟಲ್ಲಿತ್ತು."

ಬೋರಮ್ಮ ಮತ್ತೆ ಟೀವಿಯ ಕಡೆ ತಿರುಗಿದರು. ಮದ್ದೂರಿನ ಹತ್ತಿರದ ಹಳ್ಳಿಯಿಂದ ಆರು ವರ್ಷದ ಹಿಂದೆ ಮಗನ ಮನೆಗೆ, ಚೆನ್ನೈನ ಈ ಮೂರನೆಯ ಮಹಡಿಗೆ ಬಂದವರು. ಬೆಳಿಗ್ಗೆ ಎಂಟಕ್ಕೆ ಮುದ್ದೆ ಕಾಣದಿದ್ದರೆ ಆ ದಿನ ದಿನವೇ ಅಲ್ಲ ಅವರಿಗೆ. ತರಕಾರಿಯವಳ ಹತ್ತಿರ ಮಂಡ್ಯದ ಕನ್ನಡದಲ್ಲೇ ಚೌಕಾಶಿ ಮಾಡಿ, ಅವಳಿಂದ ತಮಿಳಿನಲ್ಲಿ ಬೈಸಿಕೊಂಡು, ಕೊನೆಗೆ ಒಂದು ಹಿಡಿ ಕರಿಬೇವು ಹೆಚ್ಚಾಗಿಯೇ ತರುತ್ತಿದ್ದರು.

ಬೃಂದಾ ಕೈಗೆ ನೀರು ಮುಟ್ಟಿಸಿಕೊಂಡು ಮುದ್ದೆ ಕಟ್ಟಿದಳು. ಅಷ್ಟರಲ್ಲಿ ಶ್ರೀನಾಥ ಓಟ ಮುಗಿಸಿ ಬೆವರು ಸುರಿಸುತ್ತ ಒಳಗೆ ಬಂದ. ಲಿಫ್ಟ್ ಕೆಟ್ಟು ಒಂದು ತಿಂಗಳಾಗಿತ್ತು. ಅದೂ ಒಂದು ವ್ಯಾಯಾಮ ಎಂದು ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಿದ್ದ. ನೀರು ಕುಡಿಯಲು ಬಂದವನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಬೆರಳಿನಿಂದ ತಟ್ಟಿದ.

"ಇದಕ್ಕಿನ್ನೂ ಸೈನ್ ಹಾಕಿಲ್ವಾ? ಶನಿವಾರ ಟ್ರಯಲ್ಸು."

"ಹಾಕ್ತೀನಿ ರೀ."

ಅದು ನವ್ಯಾಳ ಶಾಲೆಯ ಒಪ್ಪಿಗೆ ಪತ್ರ. ಬೇಸಿಗೆಯ ಓಟದ ಕ್ಯಾಂಪಿಗೆ ಶನಿವಾರ ಮಕ್ಕಳನ್ನು ಆರಿಸುತ್ತಿದ್ದರು. ಎಂಟನೆಯ ತರಗತಿಯ ನವ್ಯಾ ನಾನೂರು ಮೀಟರಿನ ಹುಡುಗಿ. ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: ನನ್ನ ಮಗು ಕಳೆದ ಮೂರು ತಿಂಗಳಲ್ಲಿ ಯಾವುದಾದರೂ ಕಾಯಿಲೆ ಬಿದ್ದಿದ್ದರೆ ಅದರಿಂದ ಪೂರ್ತಿ ಗುಣವಾಗಿದೆ. ಶಾಲೆಯ ಕಾಗದಕ್ಕೆಲ್ಲ ಎಲ್‌ಕೇಜಿಯಿಂದಲೂ ಬೃಂದಾಳದೇ ಸಹಿ. ಏಸಿ ಕಂಪನಿಯ ಸರ್ವಿಸ್ ವಿಭಾಗದಲ್ಲಿದ್ದ ಶ್ರೀನಾಥ ಆಗೆಲ್ಲ ಊರೂರು ತಿರುಗುತ್ತಿದ್ದ.

"ನಾಳೆಯಿಂದ ನನ್ನ ಜೊತೆ ಪಾರ್ಕಿಗೆ ಬರ್ಲಿ ಅವಳು," ಎಂದ ಶ್ರೀನಾಥ. "ಎರಡು ತಿಂಗ್ಳು ಮಲಗಿ ಮಲಗಿ ತುಕ್ಕು ಹಿಡಿದಿದೆ ಅಷ್ಟೇ. ಏಸಿನೂ ಹಂಗೇ. ಆಫ್ ಮಾಡಿಟ್ಟು ಆನ್ ಮಾಡಿದ್ರೆ ಮೊದಲು ಮುಲುಕುತ್ತೆ. ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ."

"ಅವಳೇನು ಏಸಿನಾ?"

"ತಮಾಷೆಗೆ ಅಂದೆ ಕಣೆ. ಮಕ್ಕಳಿಗೆ ಕೋವಿಡ್ ಅಂದ್ರೆ ನೆಗಡಿ ಇದ್ದಂಗೆ. ನಮ್ಮ ಆಫೀಸಲ್ಲಿ ಎಲ್ಲರ ಮಕ್ಕಳಿಗೂ ಬಂದಿತ್ತು. ವಾರದಲ್ಲಿ ಕ್ರಿಕೆಟ್ ಆಡ್ತಿದ್ವು."

ಅವನ ಮಾತು ಸುಳ್ಳಲ್ಲ. ಇದೇ ಕಟ್ಟಡದಲ್ಲಿ ಜನವರಿಯ ಮೂರನೆಯ ಅಲೆಯಲ್ಲಿ ಒಂಬತ್ತು ಮಕ್ಕಳಿಗೆ ಬಂದಿತ್ತು. ಎಂಟು ಮಕ್ಕಳು ಸಂಜೆಯಾದರೆ ಕೆಳಗೆ ಸೈಕಲ್ ಬಿಡುತ್ತ ಕಿರುಚುತ್ತಿದ್ದರು. ಅದು ದಿನವೂ ಬೃಂದಾಳ ಕಿವಿಗೆ ಬೀಳುತ್ತಿತ್ತು.

ನವ್ಯಾ ಯೂನಿಫಾರ್ಮ್ ಹಾಕಿಕೊಂಡು ಊಟದ ಮೇಜಿನ ಮುಂದೆ ಕೂತಿದ್ದಳು. ದೋಸೆಯ ಒಂದು ಚೂರನ್ನು ಮುರಿದು ಚಟ್ನಿಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದಳು.

"ತಿನ್ನು ಮಗಾ. ಬಸ್ ಬರುತ್ತೆ."

"ಸಾಪ್ಟುಕಿಟ್ಟುತಾನೇ ಇರುಕ್ಕೇನ್ ಮಾ," ಎಂದಳು, ತಿನ್ನುತ್ತಲೇ ಇದ್ದೇನಲ್ಲ ಎಂಬಂತೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರ ಕೊಡುವುದು ಎಲ್ಲರಿಗೂ ರೂಢಿಯಾಗಿತ್ತು. "ಫಾರ್ಮ್?"

"ಸಂಜೆ ಕೊಡ್ತೀನಿ. ಸುಸ್ತೇನಾದ್ರೂ ಇದೆಯಾ?"

ನವ್ಯಾ ಉತ್ತರಿಸುವ ಮೊದಲೇ ಬೋರಮ್ಮ ಟೀವಿಯ ಕಡೆಯಿಂದ ತಿರುಗಿದರು. "ಬೆಳಗ್ಗೆ ಬೆಳಗ್ಗೆ ಅದ್ಯಾಕವ್ವ ಆ ಮಾತು? ಮೂರ್ನೀರೂ ಉಯ್ದಾಯ್ತು. ಮುಗೀತು. ಕರ್ದರೆ ಬತ್ತದೆ ಅದು. ಕರೀಬ್ಯಾಡ."

"ಒಣ್ಣೂ ಇಲ್ಲಮ್ಮಾ," ಏನೂ ಇಲ್ಲ ಎಂದು ನವ್ಯಾ ಎದ್ದಳು.

ಮೂರು ನೀರಿನ ಲೆಕ್ಕ ಬೋರಮ್ಮನ ತವರಿನದು. ಮಕ್ಕಳಿಗೆ ಸಿಡುಬಿನ ಅಮ್ಮ ಎದ್ದು ಇಳಿದ ಮೇಲೆ ಬೇವಿನ ಸೊಪ್ಪು, ಅರಿಸಿನ ಹಾಕಿ ಬಿಸಿಲಲ್ಲಿಟ್ಟ ನೀರನ್ನು ಮೂರು ದಿನಕ್ಕೊಮ್ಮೆಯಂತೆ ಮೂರು ಸಲ ತಲೆಗೆ ಹಾಕಬೇಕು. ಮೂರನೆಯ ನೀರು ಬಿದ್ದ ಮೇಲೆ ಮಗು ಕಾಯಿಲೆಯ ಮಗುವಲ್ಲ. ಹೊಸ ಬಟ್ಟೆ ತೊಡಿಸಿ, ಮೊಸರನ್ನ ತಿನ್ನಿಸಿ, ಬೀದಿಗೆ ಬಿಡಬೇಕು. ಆಮೇಲೆ ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರೆತ್ತುವಂತಿಲ್ಲ. ಕೋವಿಡ್ಡಿಗೂ ಬೋರಮ್ಮ ಅದೇ ಲೆಕ್ಕ ಹಿಡಿದರು. ಜ್ವರ ಬಿಟ್ಟ ಮರುದಿನವೇ ರಸ್ತೆಯ ಬೇವಿನ ಮರದಿಂದ ಒಂದು ಕೊಂಬೆ ಬಂತು. ಬಾಲ್ಕನಿಯಲ್ಲಿ ಬಕೆಟ್ಟು ಬಿಸಿಲಿಗೆ ಕೂತಿತು. ಜನವರಿ ಹತ್ತೊಂಬತ್ತಕ್ಕೆ ಮೂರನೆಯ ನೀರು.

ಬೃಂದಾ ಆಗ ನಕ್ಕಿದ್ದಳು. ಬೀಎಸ್ಸಿ ಓದಿದವಳು, ವಿಮಾ ಕಂಪನಿಯ ಆಫೀಸಿನಲ್ಲಿ ದಿನವೂ ಆಸ್ಪತ್ರೆಯ ಕಾಗದಗಳನ್ನೇ ನೋಡುವವಳು. ಆದರೂ ಮೂರನೆಯ ನೀರಿನ ದಿನ ಮಗಳ ತಲೆ ಒರೆಸುತ್ತಿದ್ದಾಗ ಎದೆಯ ಮೇಲಿನ ಭಾರವನ್ನು ಯಾರೋ ಇಳಿಸಿಕೊಂಡಂತೆ ಅನಿಸಿತ್ತು. ಹತ್ತು ದಿನ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನಕ್ಕೆ, ಸಂಜೆ ಆರಕ್ಕೆ ಜ್ವರ ನೋಡಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಗೋಡೆಯ ಕ್ಯಾಲೆಂಡರಿನಿಂದ ಹರಿದ ಆಯಾ ದಿನದ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟಿದ್ದಳು. ಅವಳಿಗೂ ಶ್ರೀನಾಥನಿಗೂ ಆಗ ಅದೇ ಜ್ವರ. ತನ್ನದನ್ನು ಅವಳು ಬರೆದುಕೊಳ್ಳಲಿಲ್ಲ. ಹತ್ತೊಂಬತ್ತರ ಸಂಜೆ ಆ ಹಾಳೆಗಳಿಗೆಲ್ಲ ಒಂದು ಕ್ಲಿಪ್ ಹಾಕಿ ಡಬ್ಬಗಳ ಕಪಾಟಿನ ಒಳಬಾಗಿಲಿಗೆ ನೇತುಹಾಕಿದಳು. ಮುಗಿಯಿತು ಎಂದು ಯಾರಾದರೂ ಹೇಳಲೆಂದು ಅವಳೂ ಕಾಯುತ್ತಿದ್ದಳು. ಅತ್ತೆ ಹೇಳಿದರು.

ಫೆಬ್ರವರಿಯಲ್ಲಿ ಶಾಲೆ ತೆರೆಯಿತು. ನವ್ಯಾ ಮನೆಗೆ ಬಂದವಳೇ ಬೂಟು ಬಿಚ್ಚದೆ ಸೋಫಾದ ಮೇಲೆ ಮಲಗಿದಳು. ಬೃಂದಾ ಎರಡು ಸಲ ಕದ್ದು ಆಕ್ಸಿಮೀಟರ್ ಹಿಡಿದಳು. ತೊಂಬತ್ತೆಂಟು. ಜ್ವರವಿಲ್ಲ, ಕೆಮ್ಮಿಲ್ಲ. ಎರಡು ವರ್ಷ ಮನೆಯಲ್ಲಿ ಕೂತ ಮಕ್ಕಳಿಗೆ ಶಾಲೆಯೆಂದರೆ ಆಯಾಸವೇ ಎಂದು ಶಾಲೆಯಲ್ಲೂ ಹೇಳಿದರು. ಬರಬರುತ್ತ ನವ್ಯಾ ಸೋಫಾದ ಮೇಲೆ ಮಲಗುವುದನ್ನು ಬಿಟ್ಟಳು. ನಗುತ್ತಲೇ ಒಳಗೆ ಬರತೊಡಗಿದಳು. ಸರಿಹೋಯಿತು ಎಂದುಕೊಂಡಳು ಬೃಂದಾ.

ಇವತ್ತು, ಬುಧವಾರ, ಆಫೀಸಿನಲ್ಲಿ ಮಧ್ಯಾಹ್ನವೇ ಸರ್ವರ್ ಕೈಕೊಟ್ಟಿತು. ಬೃಂದಾ ಬೇಗ ಹೊರಟು, ಅಣ್ಣಾ ನಗರದ ಬಸ್ ಸ್ಟಾಪಿನಲ್ಲಿ ಇಳಿದು, ತಳ್ಳುಗಾಡಿಯಲ್ಲಿ ಒಂದು ಕುಂಬಳಕಾಯಿ ಹೋಳು, ಎರಡು ಕಟ್ಟು ಸೊಪ್ಪು ಕೊಂಡು ಮನೆಯ ಕಡೆ ನಡೆದಳು. ಮಾರ್ಚಿನ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಲಿಫ್ಟಿನ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಅವಳು ಈಗ ಓದುತ್ತಲೂ ಇರಲಿಲ್ಲ. ಒಂದನೆಯ ಮಹಡಿ ಹತ್ತುವಷ್ಟರಲ್ಲಿ ಉಸಿರು ಸಾಲದೆ ಕಂಬಿ ಹಿಡಿದು ನಿಂತಳು.

ಮೇಲೆ ಎಲ್ಲೋ ಧೊಪ್ಪೆಂದು ಏನೋ ಇಟ್ಟ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಧೊಪ್.

ಬೃಂದಾ ಕಂಬಿಗಳ ನಡುವಿನ ಸಂದಿಯಿಂದ ತಲೆಯೆತ್ತಿ ನೋಡಿದಳು. ಮೊದಲು ಬಿಳಿ ಕಾಲುಚೀಲ ಕಂಡಿತು. ನವ್ಯಾ ಮೆಟ್ಟಿಲ ಮೇಲೆ ಕೂತಿದ್ದಳು. ಶಾಲೆಯ ಚೀಲ ಅವಳ ಪಕ್ಕದಲ್ಲಿತ್ತು, ಅದರ ಮೇಲೆ ತಲೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಚೀಲವನ್ನು ಎರಡೂ ಕೈಯಿಂದ ಎತ್ತಿ ನಾಲ್ಕು ಮೆಟ್ಟಿಲು ಮೇಲೆ ಇಟ್ಟಳು. ಕಂಬಿ ಹಿಡಿದು ಆ ನಾಲ್ಕು ಮೆಟ್ಟಿಲು ಹತ್ತಿದಳು. ಮತ್ತೆ ಕೂತಳು. ಗಡಿಬಿಡಿಯಿಲ್ಲ, ಅಳುವಿಲ್ಲ. ಎಷ್ಟು ಹೊತ್ತು ಕೂರಬೇಕು, ಯಾವಾಗ ಏಳಬೇಕು ಎನ್ನುವುದು ಅಭ್ಯಾಸವಾಗಿಹೋದವಳ ಹಾಗೆ.

ಕೂಗಬೇಕೆಂದು ಬೃಂದಾಳ ಬಾಯಿ ತೆರೆಯಿತು. ಆದರೆ ಕೂಗಲಿಲ್ಲ.

ಎರಡನೆಯ ಮಹಡಿಯಲ್ಲಿ ಗುಣವತಿಯವರ ಬಾಗಿಲು ತೆರೆಯಿತು. ನಿವೃತ್ತ ಟೀಚರು, ಒಬ್ಬರೇ ಇರುವವರು. ಕೈಯಲ್ಲಿ ಸ್ಟೀಲ್ ಲೋಟ. ಮಾತಿಲ್ಲದೆ ಕೊಟ್ಟರು, ನವ್ಯಾ ಮಾತಿಲ್ಲದೆ ಕುಡಿದು ಕೊಟ್ಟಳು. ಆಮೇಲೆ ಚೀಲ ಮತ್ತೆ ನಾಲ್ಕು ಮೆಟ್ಟಿಲು ಮೇಲೆ. ಮೂರನೆಯ ಮಹಡಿ ತಲುಪಿದ ಮೇಲೆ ಬಾಗಿಲಿನ ಮುಂದೆ ಒಂದು ನಿಮಿಷ ನಿಂತು, ಕರ್ಚೀಫಿನಿಂದ ಮುಖ ಒರೆಸಿ, ಕಾಲರ್ ಸರಿಮಾಡಿ, ಚೀಲವನ್ನು ಬೆನ್ನಿಗೆ ಹಾಕಿಕೊಂಡಳು. ಎರಡು ಸಲ ಬೆಲ್ ಒತ್ತಿದ ಸದ್ದು ಕೇಳಿಸಿತು.

"ಅಜ್ಜೀ, ಬಾಗ್ಲು." ಗಟ್ಟಿಯಾದ, ಗೆಲುವಿನ ದನಿ. ದಿನವೂ ಕೇಳುವ ಅದೇ ದನಿ.

ಬಾಗಿಲು ಮುಚ್ಚಿಕೊಂಡಿತು. ಬೃಂದಾ ನಿಧಾನವಾಗಿ ಎರಡನೆಯ ಮಹಡಿಗೆ ಬಂದಾಗ ಗುಣವತಿ ಇನ್ನೂ ಲೋಟ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದರು. ಇವಳ ಮುಖ ನೋಡಿ ಅವರಿಗೆ ಅರ್ಥವಾಯಿತು.

"ನಿಮಗೆ ಗೊತ್ತಿಲ್ವಾ?" ಎಂದು ತಮಿಳಿನಲ್ಲಿ ಕೇಳಿದರು. "ಡಾಕ್ಟರು ಹೀಗೆ ಹತ್ತು ಅಂತ ಹೇಳಿಕೊಟ್ಟಿರಬೇಕು ಅಂದ್ಕೊಂಡಿದ್ದೆ."

"ಯಾವತ್ತಿಂದ?"

"ಲಿಫ್ಟ್ ಕೆಟ್ಟ ದಿನದಿಂದ. ಮೊದಮೊದಲು ಅಳ್ತಿತ್ತು. ಈಗ ಅಳಲ್ಲ. ಯಾರಿಗೂ ಹೇಳ್ಬೇಡಿ ಆಂಟಿ ಅಂತು. ನಾನು ಹೇಳ್ಲಿಲ್ಲ." ಅವರು ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ನಲವತ್ತು ವರ್ಷ ಪಾಠ ಮಾಡಿದೀನಿ ಬೃಂದಾ. ಸುಳ್ಳು ಸುಸ್ತು ಮಾಡೋ ಮಗು ಜನರ ಮುಂದೆ ಮಾಡುತ್ತೆ. ಇದು ಯಾರೂ ಇಲ್ಲದಾಗ ಕೂರುತ್ತೆ." ಆಮೇಲೆ, "ನಿಮಗೂ ನೀರು ಬೇಕಾ?" ಎಂದರು.

ಬೃಂದಾ ಬೇಡವೆಂದಳು. ಉಳಿದ ಹದಿನೆಂಟು ಮೆಟ್ಟಿಲುಗಳನ್ನು ಹತ್ತುವಾಗ ಅವಳೂ ಒಮ್ಮೆ ನಿಂತಳು.

ಒಳಗೆ ನವ್ಯಾ ಕಾಲು ಚಾಚಿ ಚಾಪೆಯ ಮೇಲೆ ಕೂತಿದ್ದಳು. ಬೋರಮ್ಮ ಅವಳ ಮೀನಖಂಡಕ್ಕೆ ಹರಳೆಣ್ಣೆ ಹಚ್ಚಿ ಮೇಲಿನಿಂದ ಕೆಳಕ್ಕೆ ನೀವುತ್ತಿದ್ದರು. ಪಕ್ಕದಲ್ಲಿದ್ದ ಬಟ್ಟಲು ಅಂಚಿನವರೆಗೂ ಎಣ್ಣೆಯ ಹಳೆಯ ಕಲೆ ಹಿಡಿದಿತ್ತು. ಒಂದು ದಿನದ್ದಲ್ಲ ಅದು. ಸೊಸೆ ಅನಿರೀಕ್ಷಿತವಾಗಿ ಬಂದದ್ದು ನೋಡಿ ಮುದುಕಿಯ ಕೈ ನಿಂತಿತು.

"ಬಿಸ್ಲು ಕಣವ್ವ," ಎಂದರು ಬೋರಮ್ಮ. "ವುಷ್ಣ. ಕಾಲ್ಗೆ ಎಣ್ಣೆ ಇಕ್ಕುದ್ರೆ ತಂಪಾಯ್ತದೆ."

"ದಿನಾ ಹಚ್ತೀರಾ ಅತ್ತೆ?"

"ಬಿಸ್ಲು ದಿನಾ ಇಲ್ವಾ?"

ಬೃಂದಾ ಸೊಪ್ಪಿನ ಚೀಲ ಕೆಳಗಿಟ್ಟು ಮಗಳ ಎದುರು ಕೂತಳು. ಹತ್ತಿರದಿಂದ ನೋಡಿದರೆ ಕಣ್ಣಿನ ಕೆಳಗೆ ತೆಳು ನೀಲಿ ಇತ್ತು. ಇಷ್ಟು ದಿನ ಇಷ್ಟು ಹತ್ತಿರದಿಂದ ನೋಡಿರಲಿಲ್ಲವೇ? ನೋಡಿದ್ದಳು. ಬೇಗ ಬೇಗ ನೋಡಿದ್ದಳು.

"ನವ್ಯಾ, ಕಾಲು ನೋಯುತ್ತಾ?"

ನವ್ಯಾ ಅಜ್ಜಿಯ ಮುಖ ನೋಡಿದಳು. ಆಮೇಲೆ ಅಮ್ಮನ ಮುಖ. "ಅದೆಲ್ಲ ಜನವರಿಲೇ ಮುಗೀತಲ್ಲಮ್ಮಾ," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ. "ಥರ್ಡ್ ನೀರು ಆಯ್ತಲ್ಲ."

ಬೋರಮ್ಮ ತಲೆ ತಗ್ಗಿಸಿ ಮತ್ತೆ ನೀವತೊಡಗಿದರು, ಮೊದಲಿಗಿಂತ ಮೆಲ್ಲಗೆ. ತಮಗೇ ಹೇಳಿಕೊಳ್ಳುವಂತೆ, "ನಮ್ಮಟ್ಟೀಲಿ ನಮ್ಮಕ್ಕ ಒಬ್ಳಿದ್ಲು," ಎಂದರು. "ಮೂರ್ನೀರಾದ್ಮೇಲೂ ಏಳ್ನಿಲ್ಲ ಅವ್ಳು. ಊರೋರೆಲ್ಲ ಕಾಯ್ಲೆ ಹುಡ್ಗಿ ಅಂತ್ಲೇ ಕರ್ದ್ರು. ಕೊನೇಗಂಟ ಅದೇ ಹೆಸ್ರು. ಐಕ್ಳಿಗೆ ಹಂಗೆ ಹೆಸ್ರು ಬೀಳ್ಬಾರ್ದು." ಅಷ್ಟು ಹೇಳಿ ಎಣ್ಣೆಯ ಬಟ್ಟಲು ಎತ್ತಿಕೊಂಡು ಎದ್ದುಹೋದರು.

ಆರು ವರ್ಷದಲ್ಲಿ ಬೃಂದಾ ಆ ಅಕ್ಕನ ಬಗ್ಗೆ ಕೇಳಿದ್ದು ಅದೇ ಮೊದಲು. ಹಾಗಾದರೆ ಶ್ರೀನಾಥನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅತ್ತೆಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಕೆಳಗಿನ ಮನೆಯ ಗುಣವತಿಗೂ ಗೊತ್ತಿತ್ತು. ದಿನ ಬೆಳಗಾದರೆ ಗೋಡೆಗೆ ಒರಗಿ ಮುದ್ದೆ ತಿರುವುವ ತನಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ?

"ಫಾರ್ಮ್ ಸೈನ್ ಪಣ್ಣಿಟ್ಟಿಯಾ ಮಾ?" ಎಂದು ಕೇಳಿದಳು ನವ್ಯಾ.

"ಇನ್ನೂ ಹಾಕಿಲ್ಲ. ನಿನಗೆ ಓಡೋಕೆ ಆಗುತ್ತಾ?"

"ಓಡ್ಲೇಬೇಕು. ಈ ಸಲ ಇಲ್ಲಾಂದ್ರೆ ಸರ್ ನನ್ ಹೆಸ್ರು ತೆಗೆದ್ಬಿಡ್ತಾರೆ. ಒನ್ಸ್ ತೆಗೆದ್ರೆ ಅಷ್ಟೇ."

"ನಾನು ಕೇಳಿದ್ದು ಬೇಕಾ ಅಂತಲ್ಲ. ಆಗುತ್ತಾ ಅಂತ."

ನವ್ಯಾ ಚಾಪೆಯ ಒಂದು ಎಳೆಯನ್ನು ಉಗುರಿನಿಂದ ಕೀಳುತ್ತ ಕೂತಳು. "ಮೊದಲ್ನೇ ಇನ್ನೂರು ಆಗುತ್ತೆ," ಎಂದಳು ಕೊನೆಗೆ. "ಆಮೇಲೆ ಕಾಲು ನಂದಲ್ಲ ಅನ್ಸುತ್ತೆ. ಮಾರನೇ ದಿನ ಫುಲ್ಲಾ ಕ್ಲಾಸಲ್ಲಿ ತಲೆ ಇಟ್ಕೊಂಡು ಮಲಗ್ತೀನಿ. ಅಪ್ಪನಿಗೆ ಹೇಳ್ಬೇಡ."

ಬೃಂದಾ ಮಗಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು.

ಸಂಜೆ ಕಾಫಿಗೆ ಸಕ್ಕರೆ ತೆಗೆಯಲು ಡಬ್ಬಗಳ ಕಪಾಟು ತೆರೆದಾಗ ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದ ಹಾಳೆಗಳು ಬಾಗಿಲಿನ ಜೊತೆ ತೂಗಿದವು. ಎರಡು ತಿಂಗಳಿಂದ ದಿನವೂ ಹೀಗೇ ತೂಗಿದ್ದವು. ಬೃಂದಾ ಅವನ್ನು ಕೆಳಗಿಳಿಸಿ ಒಂದೊಂದಾಗಿ ಮಗುಚಿದಳು. ನೂರಾ ಎರಡು. ನೂರಾ ಒಂದು. ತೊಂಬತ್ತೇಳು. ಗಂಜಿ ಅರ್ಧ ಲೋಟ. ಹದಿನೈದನೆಯ ತಾರೀಖಿನ ಹಾಳೆಯಲ್ಲಿ, ಕೀಲ್ಪಾಕಿನ ಕ್ಲಿನಿಕ್ಕಿನ ಡಾಕ್ಟರಮ್ಮ ವೀಡಿಯೋ ಕರೆಯಲ್ಲಿ ಹೇಳಿದ್ದನ್ನು ಗುರುತು ಹಾಕಿಕೊಂಡ ಅವಳದೇ ಅಕ್ಷರ. ಹೆಚ್ಚಿನ ಮಕ್ಕಳಿಗೆ ಏನೂ ಆಗಲ್ಲ. ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತೆ. ನಾಲ್ಕು ವಾರದ ಮೇಲೂ ಸುಸ್ತಿದ್ದರೆ ಕರೆದುಕೊಂಡು ಹೋಗಬೇಕು. ಅಲ್ಲಿವರೆಗೆ ಓಡಿಸಬಾರದು. ಓಡಿಸಬಾರದು ಎನ್ನುವುದರ ಕೆಳಗೆ ಎರಡು ಗೆರೆ.

ಆ ಗೆರೆಗಳನ್ನು ಎಳೆದವಳು ತಾನೇ. ಅದಾದ ನಾಲ್ಕನೆಯ ದಿನ ಕ್ಲಿಪ್ ಹಾಕಿ ಬಾಗಿಲು ಮುಚ್ಚಿದವಳೂ ತಾನೇ. ಅತ್ತೆಯನ್ನು ಬಯ್ಯಲು ಬರುವಂತಿರಲಿಲ್ಲ. ಆ ದಿನ ನೀರು ಹೊಯ್ದದ್ದು ಬೋರಮ್ಮ, ಆದರೆ ಆ ನೀರಿನ ಕೆಳಗೆ ತಾನೂ ತಲೆಯೊಡ್ಡಿದ್ದೆ ಎಂದು ಬೃಂದಾಳಿಗೆ ಅನಿಸಿತು. ಸಾಕಾಗಿತ್ತು. ಈಗಲೂ ಸಾಕಾಗಿತ್ತು. ಕಾಯಿಲೆ ಮತ್ತೆ ಶುರುವಾಯಿತು ಎಂದು ಒಪ್ಪಿಕೊಳ್ಳುವುದಕ್ಕೂ ಒಂದು ಕಸುವು ಬೇಕು.

ಏಳು ಗಂಟೆಗೆ ಶ್ರೀನಾಥ ಬಂದ. ಮೆಟ್ಟಿಲ ಮೇಲೆ ಎರಡೆರಡಾಗಿ ಬರುವ ಹೆಜ್ಜೆ. ಒಳಗೆ ಬಂದವನೇ, "ನವ್ಯಾ, ಶೂ ರೆಡಿ ಇಟ್ಕೋ, ಬೆಳಗ್ಗೆ ಐದೂವರೆ," ಎಂದ.

"ನಾಳೆ ಬೇಡ ರೀ," ಎಂದಳು ಬೃಂದಾ ಅಡುಗೆಮನೆಯಿಂದ.

"ಯಾಕೆ?"

"ಹೊಟ್ಟೆ ನೋವಂತೆ ಅವಳಿಗೆ. ಎರಡು ದಿನ ಬಿಡಿ."

ಹದಿಮೂರರ ಹುಡುಗಿಗೆ ಹೊಟ್ಟೆ ನೋವೆಂದರೆ ಅಪ್ಪನಾದವನು ಮತ್ತೆ ಪ್ರಶ್ನೆ ಕೇಳುವುದಿಲ್ಲ. ಶ್ರೀನಾಥ, "ಓ, ಸರಿ," ಎಂದು ಸಾಕ್ಸ್ ಬಿಚ್ಚತೊಡಗಿದ. ಚಾಪೆಯ ಮೇಲಿಂದ ನವ್ಯಾ ಅಡುಗೆಮನೆಯ ಕಡೆ ನೋಡಿದಳು. ಬೃಂದಾ ನೋಡಲಿಲ್ಲ. ಸೊಪ್ಪು ಬಿಡಿಸುತ್ತ ಲೆಕ್ಕ ಹಾಕುತ್ತಿದ್ದಳು.

ಶುಕ್ರವಾರ ಆಫೀಸಿಗೆ ರಜೆ ಹಾಕುವುದು. ಎಂದಿನಂತೆ ಚೀಲ ಹಿಡಿದು ಹೊರಡುವುದು. ಹನ್ನೊಂದಕ್ಕೆ ಶಾಲೆಯಿಂದ ನವ್ಯಾಳನ್ನು ಕರೆದುಕೊಂಡು ಆಟೋದಲ್ಲಿ ಕೀಲ್ಪಾಕಿಗೆ ಹೋಗುವುದು. ಈ ಹಾಳೆಗಳನ್ನೆಲ್ಲ ಡಾಕ್ಟರಮ್ಮನ ಮೇಜಿನ ಮೇಲೆ ಇಡುವುದು. ಆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿರುವುದು. ಶನಿವಾರ ನವ್ಯಾ ಅಳುತ್ತಾಳೆ, ಶ್ರೀನಾಥ ಕೂಗಾಡುತ್ತಾನೆ, ಅತ್ತೆ ಕಾಯಿಲೆಯನ್ನು ಕರೆದೆಯಲ್ಲ ಅನ್ನುತ್ತಾರೆ. ಅನ್ನಲಿ. ಅಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ.

ಅವಳು ಕೈ ಒರೆಸಿಕೊಂಡು ಫ್ರಿಜ್ಜಿನ ಮೇಲಿನ ಪತ್ರವನ್ನು ತೆಗೆದು ಮಡಿಸಿ ರಾಗಿಹಿಟ್ಟಿನ ಡಬ್ಬದ ಕೆಳಗೆ ಇಟ್ಟಳು. ಗೋಡೆಯ ಕ್ಯಾಲೆಂಡರಿನಿಂದ ಆ ದಿನದ ಹಾಳೆಯನ್ನು ಹರಿದು, ಮಗುಚಿ, ಸಾಮಾನಿನ ಪಟ್ಟಿ ಬರೆಯುವ ಪೆನ್ನಿನಿಂದ ಬರೆದಳು. ಮಾರ್ಚ್ ಒಂಬತ್ತು. ನವ್ಯಾ. ಮೆಟ್ಟಿಲು ಐವತ್ತನಾಲ್ಕು. ನಾಲ್ಕು ಮೆಟ್ಟಿಲಿಗೊಮ್ಮೆ ಕೂತಿದ್ದು. ಓಡಿದ ಮರುದಿನ ಪೂರ್ತಿ ಮಲಗುವುದು.

ಒಂದು ಗಳಿಗೆ ತಡೆದು, ಕೆಳಗೆ ಇನ್ನೊಂದು ಸಾಲು. ಬೃಂದಾ. ಮುದ್ದೆ, ಮೂರು ಸಲಕ್ಕೆ.

"ಏನವ್ವ ಬರೀತಿದ್ದೀಯೆ?" ಎಂದು ಬಾಗಿಲಲ್ಲಿ ಬೋರಮ್ಮ.

"ಸಾಮಾನಿನ ಪಟ್ಟಿ ಅತ್ತೆ."

"ಹರಳೆಣ್ಣೆ ಸೇರ್ಸು. ಮುಗ್ದದೆ."

"ಸೇರಿಸ್ತೀನಿ," ಎಂದು ಬೃಂದಾ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಕಪಾಟಿನ ಬಾಗಿಲು ಮುಚ್ಚಿದಳು.